ಸೂರ್ಯನಿಗೆ ಅಂಟಿದ ಒಂಬತ್ತು

ಹಳೆಯ ಪುಸ್ತಕ ಸ್ಕ್ಯಾನ್ ಮಾಡುವವರಲ್ಲಿ ಎರಡು ಪಂಗಡ. ಯಂತ್ರ ಎಲ್ಲವನ್ನೂ ಓದಿಬಿಡುತ್ತದೆ ಎಂದು ನಂಬಿದವರದು ಒಂದು. ಅದು ಓದಿದ್ದನ್ನು ಒಮ್ಮೆಯಾದರೂ ಓದಿ ನೋಡಿದವರದು ಇನ್ನೊಂದು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮೊದಲ ಪಂಗಡದಿಂದ ಎರಡನೆಯದಕ್ಕೆ ಪಕ್ಷಾಂತರ ಮಾಡಿದ್ದು ಒಂದೇ ಮಧ್ಯಾಹ್ನದಲ್ಲಿ.

ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕ. ಯಂತ್ರ ಓದಿಕೊಟ್ಟ ಮೊದಲ ಪುಟದಲ್ಲೇ ಸೂರ್ಯ 'ಸೂಯ೯' ಆಗಿದ್ದ, ಧರ್ಮ 'ಧಮ೯' ಆಗಿತ್ತು.

"ತಾತ, ಇದೇನು ಲೆಕ್ಕದ ಪುಸ್ತಕವಾ?" ಮೊಮ್ಮಗಳು ಕೇಳಿದಳು.

"ಅಲ್ಲ ಕಣೇ, ಅದು ಅರ್ಕಾವೊತ್ತು" ಎಂದರು ಮೇಷ್ಟ್ರು, ಯಂತ್ರದ ವಕೀಲರಂತೆ.

ವಾದದಲ್ಲಿ ಹುರುಳಿತ್ತು. ಕಾಗದದ ಮೇಲೆ ಅರ್ಕಾವೊತ್ತು ನೋಡಲು ಒಂಬತ್ತರ ಅಂಕಿಯೇ. ಸಾಲದ್ದಕ್ಕೆ ಅಚ್ಚಿನಲ್ಲಿ ಅದು ಅಕ್ಷರದ ಬಲಕ್ಕೆ ಕೂರುತ್ತದೆ, ಯೂನಿಕೋಡ್‌ನಲ್ಲಿ ಅದರ ರಕಾರ ಮುಂದೆ ಬರಬೇಕು. ಸೊನ್ನೆಯದಂತೂ ಇನ್ನೂ ಕಪಟ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಬಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. 'ಬಂದ' ಎಂದು ಹುಡುಕಿದಾಗ ಮಾತ್ರ ಬಂದವನು ನಾಪತ್ತೆ.

ಮೇಷ್ಟ್ರು ತಂತ್ರಾಂಶ ಬದಲಿಸಲು ಹೊರಟರು. ಟೆಸರಾಕ್ಟ್ ಇತ್ತು: 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ, ಇಳಿವಯಸ್ಸಿನಲ್ಲಿ ಕನ್ನಡ ಕಲಿತದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ 'ಲಿಪಿ ಜ್ಞಾನಿ' ಇತ್ತು: ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಗುರುತಿಸಲೆಂದು ರೂಪಿಸಿದ್ದು. ಆದರೆ ಕೊಟ್ಟ ಚಿತ್ರವೇ ಕೆಟ್ಟಿದ್ದರೆ ಜ್ಞಾನಿಯಾದರೂ ಏನು ಮಾಡಿಯಾನು?

ಚಿತ್ರ ಕೆಟ್ಟೇ ಇತ್ತು. ಬೇಗ ಮುಗಿಯಲೆಂದು 150 ಡಿಪಿಐಗೆ ಇಳಿಸಿದ್ದರಿಂದ ಒತ್ತಕ್ಷರಗಳೆಲ್ಲ ಮಸಿಯ ಬೊಟ್ಟು. ಕಡಿಮೆಯೆಂದರೆ 300 ಬೇಕು. ಅಡಿಟಿಪ್ಪಣಿಯ ಸಣ್ಣಕ್ಷರಕ್ಕೆ 400 ಇದ್ದರೆ ಕ್ಷೇಮ. ಬರೀ ಕಪ್ಪು-ಬಿಳುಪು ಮಾಡದೆ ಬೂದು ಛಾಯೆಯಲ್ಲಿ ತೆಗೆದರೆ ಮಾಸಿದ ಅಕ್ಷರವೂ ಬದುಕುತ್ತದೆ. ತೆಳು ಕಾಗದದಲ್ಲಿ ಹಿಂಬದಿಯ ಅಚ್ಚು ಇಣುಕುತ್ತಿದ್ದರೆ ಪುಟದ ಹಿಂದೆ ಕಪ್ಪು ಹಾಳೆ ಇಟ್ಟರಾಯಿತು. ಎಲ್ಲಕ್ಕಿಂತ ಹಟಮಾರಿ ಪುಸ್ತಕದ ಬೆನ್ನು. ಅದರ ಹತ್ತಿರ ಸಾಲು ಬಾಗುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಯಂತ್ರ ಹೊಸ ಅಕ್ಷರವೊಂದನ್ನು ಸೃಷ್ಟಿಸುತ್ತದೆ. ಒತ್ತಿ ಹಿಡಿದರೆ ಹೊಲಿಗೆ ಬಿಚ್ಚುತ್ತದೆ, ಬಿಟ್ಟರೆ ವ್ಯಾಕರಣ ಬಿಚ್ಚುತ್ತದೆ.

ಗಾಜನ್ನು ಒರೆಸಬೇಕೆಂಬುದು ಮನೆಯಾಕೆಯ ಸಲಹೆ. ಅಲ್ಲಿದ್ದ ಚಕ್ಕುಲಿ ಚೂರು ಪ್ರತಿ ಪುಟದ ಅದೇ ಮೂಲೆಯಲ್ಲಿ ಚುಕ್ಕೆಯಾಗಿ ಹಾಜರಿ ಹಾಕಿತ್ತು.

ಇಷ್ಟಾದ ಮೇಲೆ ಫಲಿತಾಂಶ ಶೇ. 99ಕ್ಕೆ ಏರಿತೆನ್ನೋಣ. ಮೇಷ್ಟ್ರಿಗೆ ಅದು ರ್‍ಯಾಂಕ್. ಆದರೆ ಪುಟಕ್ಕೆ 1500 ಅಕ್ಷರವೆಂದರೆ ತಪ್ಪು 15. 200 ಪುಟಕ್ಕೆ 3000. ಕರಡು ತಿದ್ದುವ ಕೆಂಪು ಪೆನ್ನಿಗೆ ನಿವೃತ್ತಿಯಿಲ್ಲ.

ಪುಸ್ತಕದ ಕೊನೆಗೆ ಹಳೆಯ ಸಂಪ್ರದಾಯದಂತೆ ತಪ್ಪು-ಒಪ್ಪುಗಳ ಪಟ್ಟಿ ಇತ್ತು. ಯಂತ್ರ ಎರಡೂ ಕಾಲಂಗಳನ್ನು ಒಂದೇ ಸಾಲೆಂದು ಓದಿ, ತಪ್ಪಿನ ಬೆನ್ನಿಗೆ ಒಪ್ಪನ್ನು ಸೇರಿಸಿ, ಚೊಕ್ಕ ಪ್ಯಾರಾ ಮಾಡಿ ಒಪ್ಪಿಸಿತು. ಮೇಷ್ಟ್ರು ಪುಟವನ್ನು ಎರಡಾಗಿ ಕತ್ತರಿಸಿ ಮತ್ತೆ ಉಣಿಸಿದರು, ಮೊದಲು ತಪ್ಪಿನ ಭಾಗವನ್ನು.