ಕುಣಿಯೋ ಮೂಲೆ, ಸುಮ್ಕಿರೋ ಮೂಲೆ

ನ್ಯೂಜೆರ್ಸಿಯ ನಮ್ಮ ಟೌನ್‌ಹೌಸಿನಲ್ಲಿ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕಿಗೆ ಪ್ರಾತಿನಿಧ್ಯವಿದೆ. ನಾನು ಪಾಂಡವಪುರ. ಮಾವ ನಾಗಮಂಗಲ. ಅತ್ತೆಯ ತವರು ಶ್ರೀರಂಗಪಟ್ಟಣ. ರಂಗನಾಥನ ಪಕ್ಕದ ಬೀದಿಯವರು ತಾವು ಎನ್ನುವುದನ್ನು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ಎರಡು ಬೀದಿ ಆಚೆಗಿರುವ ಷಡ್ಡಕ ಕೆ.ಆರ್. ಪೇಟೆ, ಊಟದ ಹೊತ್ತಿಗೆ ತಪ್ಪದೆ ಹಾಜರು. ಹೀಗಾಗಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಜಿಲ್ಲಾ ಪಂಚಾಯ್ತಿ ಸಭೆ ಸೇರುತ್ತದೆ.

ಈ ಸಲದ ವಿಷಯ ನನ್ನ ಐದು ವರ್ಷದ ಮಗ. ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಅಂಗಿಯ ಲೇಬಲ್ಲು ಕತ್ತಿಗೆ ತಾಗಿದರೆ ರಂಪ. ಅದೇ ಹುಡುಗ ಸೋಫಾದ ಬೆನ್ನೇರಿ ಧೊಪ್ಪನೆ ಧುಮುಕಿ, ಇನ್ನೊಂದು ಸಲ ಅನ್ನುತ್ತಾನೆ. ಮನೆಯಲ್ಲಿ ಎರಡು ಮೂಲೆ ಮಾಡಿ, ಒಂದು ಕುಣಿಯೋಕೆ, ಒಂದು ಸುಮ್ಮನಿರೋಕೆ ಎಂದರು ಆಕ್ಯುಪೇಶನಲ್ ಥೆರಪಿಸ್ಟ್. ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ ಎಂಬಾಕೆ 1972ರಲ್ಲೇ ಇಂದ್ರಿಯಗಳ ಈ ಗೊಂದಲದ ಬಗ್ಗೆ ಪುಸ್ತಕ ಬರೆದಿದ್ದಾರೆ. ಕಣ್ಣು ಕಿವಿ ಮೂಗು ಅಷ್ಟೇ ಅಲ್ಲ, ಮೈ ಓಲಾಡಿದ್ದನ್ನು ಒಳಗಿವಿ ಹೇಳುತ್ತದೆ, ಕೈಕಾಲು ಎಲ್ಲಿದೆ ಎಂದು ಕೀಲು-ಸ್ನಾಯು ಹೇಳುತ್ತವೆ, ಈ ಸುದ್ದಿಯನ್ನೆಲ್ಲ ಮಿದುಳು ಹೊಂದಿಸಿಕೊಳ್ಳಬೇಕು ಅಂತ. ನಾನು ಸಭೆಗೆ ಇಷ್ಟನ್ನು ವಿವರಿಸಿದೆ.

"ಇರೋ ಐದು ಇಂದ್ರಿಯ ಸಾಲ್ದು ಅಂತ ಇನ್ನೆರಡಾ? ಅದಕ್ಕೂ ಇನ್ಶೂರೆನ್ಸ್ ಕಟ್ಬೇಕಾ?" ಅಂದರು ಅತ್ತೆ.

ಕುಣಿಯೋ ಮೂಲೆ ಬೇಸ್‌ಮೆಂಟಿನಲ್ಲಿ ಎಂದಾಯಿತು. ಉಯ್ಯಾಲೆ ಕಟ್ಟುವ ಉಸ್ತುವಾರಿ ಮಾವನದು. ಸ್ಟೂಲು ಹತ್ತಿ ಸೂರನ್ನು ಗೆಣ್ಣಿನಿಂದ ಬಡಿದು ನೋಡಿದರು, ಕಿವಿಗೊಟ್ಟು ಕೇಳಿದರು. ಅವರೂರಿನ ತೊಟ್ಟಿಮನೆಯಲ್ಲಿ ಆಳು ಅಪ್ಪಿದರೂ ಕೈ ಕೂಡದಂಥ ತೊಲೆಗಳು. ಇಲ್ಲಿ ಎಲ್ಲಿ ಬಡಿದರೂ ಡಬ್ ಡಬ್. "ಅಳಿಯಂದ್ರೆ, ಲಕ್ಷಾಂತರ ಡಾಲರ್ ಇಸ್ಕೊಂಡು ಹಪ್ಪಳದ ಸೂರು ಹೊದಿಸವ್ರಲ್ಲಾ!" ಜಿಪ್ಸಮ್ ಹಲಗೆಯ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಜಂತೆ ಇರುತ್ತದೆ, ಕೊಕ್ಕೆಯನ್ನು ಅದಕ್ಕೇ ತಿರುಪಬೇಕು ಎಂದೆ. ಜಂತೆ ಹುಡುಕುವ ಯಂತ್ರ ಕುಯ್ ಅಂದ ಜಾಗದಲ್ಲಿ ಮಾವನ ಗೆಣ್ಣು ಆಗಲೇ ಪೆನ್ಸಿಲ್ ಗುರುತು ಹಾಕಿಸಿತ್ತು. ಕೊಕ್ಕೆ ಕೂತ ಮೇಲೆ ಮೊದಲು ತಾವೇ ಜೋತುಬಿದ್ದು ಪರೀಕ್ಷಿಸಿದರು. ಆಮೇಲೆ ರಾತ್ರಿ ಎಂಟಕ್ಕೆ ಮೊಮ್ಮಗನನ್ನು ಕೂರಿಸಿ, ಹಗ್ಗ ಹೊಸೆದು ಗಿರಗಿರ ಬಿಟ್ಟರು. ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ, ಗಿರಕಿ ಹೊಡೆಸಿದರೆ ಇದ್ದ ನಿದ್ದೆಯೂ ಓಡುತ್ತದೆ. ಹನ್ನೊಂದರವರೆಗೆ ಮನೆಯಲ್ಲಿ ಯಾರೂ ಮಲಗಲಿಲ್ಲ.

ಧುಮುಕಲು ತರಿಸಿದ ದಪ್ಪ ದಿಂಬಿನ ಬೆಲೆ ಕೇಳಿ ಷಡ್ಡಕ ಎದೆ ಹಿಡಿದುಕೊಂಡ. "ಇದರ ದುಡ್ಡಲ್ಲಿ ನಮ್ಕಡೆ ಒಂದು ಹುಲ್ಲಿನ ಮೆದೆನೇ ಬತ್ತಿತ್ತು ಕಣಣ್ಣ."

ಕೈಯಾಡಿಸಲು ಒಂದು ತೊಟ್ಟಿಯಲ್ಲಿ ಧಾನ್ಯ ತುಂಬಿ ಎಂದೂ ಥೆರಪಿಸ್ಟ್ ಹೇಳಿದ್ದರು. ನಾನು ರಾಗಿ ಸುರಿದೆ. ಮಗ ಮೊಳಕೈವರೆಗೆ ಹೂತು ತೆಪ್ಪಗೆ ಕೂತ. ಅತ್ತೆ ಕೂರಲಿಲ್ಲ. ಮಧ್ಯಾಹ್ನಕ್ಕೆ ತೊಟ್ಟಿ ಖಾಲಿ; ರಾಗಿ ಕೇರಿ, ತೊಳೆದು, ಬಿಸಿಲಿಗೆ ಹರವಿಯಾಗಿತ್ತು. ಸಂಜೆ ಅದನ್ನು ಹಿಟ್ಟು ಮಾಡಲು ಮಿಕ್ಸಿ ಹಾಕಿದರು. ಮಗ ಕಿವಿ ಮುಚ್ಚಿಕೊಂಡು ಮಹಡಿಯ ಬಟ್ಟೆಕೋಣೆಗೆ ಓಡಿದ. ಅಲ್ಲಿಗೆ ಸುಮ್ಕಿರೋ ಮೂಲೆಯ ಉದ್ಘಾಟನೆಯೂ ಆಯಿತು.

ಆ ಕೋಣೆಯಲ್ಲಿ ಇರುವುದೆಂದರೆ ಪುಟ್ಟ ಡೇರೆ, ಮಂದ ದೀಪ, ಮತ್ತೊಂದು ತೂಕದ ಹೊದಿಕೆ. ಮಗು ತಾನೇ ಸಲೀಸಾಗಿ ಸರಿಸಿಕೊಳ್ಳುವಷ್ಟೇ ಭಾರ ಇರಬೇಕು ಅದು. "ನಮ್ಮ ಕರೀ ಕಂಬಳಿ ಆಗ್ತಿತ್ತು" ಅಂದರು ಮಾವ. ಆಗುತ್ತಿತ್ತೇನೋ. ಮೆದೆ, ಉಯ್ಯಾಲೆ, ಆಲೆಮನೆಗೆ ಕಬ್ಬು ಹೊರುವುದು, ಕೆರೆಯಲ್ಲಿ ಬೀಳುವುದು: ಕುಣಿಯೋ ಮೂಲೆಯ ವಿಷಯದಲ್ಲಿ ನಮ್ಮ ನಾಲ್ಕೂ ತಾಲ್ಲೂಕು ಅಮೆರಿಕಕ್ಕೆ ಪಾಠ ಹೇಳಬಹುದು, ಒಪ್ಪಿದೆ. ಆದರೆ ಸುಮ್ಮನಿರಲು ಊರಲ್ಲಿ ಜಾಗ ಎಲ್ಲಿತ್ತು? ಬೆಳಗಿನ ಐದಕ್ಕೆ ಗುಡಿಯ ಮೈಕು ಶುರು. ಮೇಲುಕೋಟೆ ವೈರಮುಡಿಯ ರಾತ್ರಿ ಆ ಜನಜಂಗುಳಿಯಲ್ಲಿ ಕಿವಿ ಮುಚ್ಚಿಕೊಂಡು ಅತ್ತ ನನ್ನ ಜೊತೆಯ ಹುಡುಗನಿಗೆ ಸಿಕ್ಕಿದ್ದು ಎರಡೇಟು. ಮಾರನೆ ದಿನ ಗಾಳಿ ಸೋಕಿದೆ ಅಂತ ತೋಳಿಗೊಂದು ತಾಯತ. ಅವನಿಗೊಂದು ಡೇರೆ ಕೊಡಬಹುದೆಂದು ಯಾರಿಗೂ ಹೊಳೆಯಲಿಲ್ಲ. ಇದನ್ನು ಹೇಳಿದಾಗ ಸಭೆ ಒಂದು ನಿಮಿಷ ತೆಪ್ಪಗಾಯಿತು. ನಮ್ಮ ಸಭೆಗೆ ಅದು ದಾಖಲೆ.

ಈಗ ತೊಂದರೆ ಬೇರೆಯದು. ಮಗ ಹೆಚ್ಚು ಹೊತ್ತು ಬೇಸ್‌ಮೆಂಟಿನಲ್ಲೇ. ಡೇರೆಯೊಳಗೆ ಮಧ್ಯಾಹ್ನ ಮಾವನ ಗೊರಕೆ. ಸಂಜೆ ಅತ್ತೆ ಹೊದಿಕೆ ಹೊದ್ದು ಫೋನಿನಲ್ಲಿ ಧಾರಾವಾಹಿ, ಪೂರ್ತಿ ಸೌಂಡು. "ಅಜ್ಜೀ, ಇದು ಸುಮ್ಕಿರೋ ಜಾಗ" ಎಂದು ಮಗನೇ ಹೋಗಿ ಎಬ್ಬಿಸಬೇಕು. ನನ್ನಾಕೆ ಆಫೀಸಿನ ಮೀಟಿಂಗು ಮುಗಿದ ಮೇಲೆ ಒಳಗೆ ಹೋದರೆ ಕರೆದರೂ ಓಗೊಡುವುದಿಲ್ಲ. ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದ್ದೇನೆ.

ನಿನ್ನೆ ಷಡ್ಡಕ ಫೋನ್ ಮಾಡಿದ, ದನಿ ತಗ್ಗಿಸಿ. "ಅಣ್ಣ, ಅತ್ತೆ-ಮಾವ ಮುಂದಿನ ತಿಂಗ್ಳು ನಮ್ಮನೆಗೆ ಬತ್ತಾವ್ರೆ. ನಿಮ್ಮ ಸುಮ್ಕಿರೋ ಮೂಲೆ ಶನಿವಾರ ಮಧ್ಯಾಹ್ನ ಖಾಲಿ ಇರ್ತದಾ?"