ಐದೆಸಳಿನ ಫಜೀತಿ

"ಬಿಳಿ ಹೂವು ಕಣ್ರೀ, ಐದೆಸಳು, ನಮ್ಮತ್ತೆ ಪೂಜೆಗೆ ಕೊಯ್ತಿದ್ರು. ಯಾವ ಗಿಡ ಹೇಳಿ ನೋಡೋಣ?" ಬೆಳಗಿನ ವಾಕಿಂಗಿನಲ್ಲಿ ಹೀಗೆ ಕೇಳುವವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಬಿಳಿ ಅಂಗಿ ಹಾಕ್ಕೊಂಡು ನಿಂತಿರ್ತಾರೆ, ಕರ್ಕೊಂಡು ಬನ್ನಿ ಅಂದ ಹಾಗಾಯ್ತು. ಹೋಗಲಿ, ಎಲೆ ಹೇಗಿತ್ತು ಅಂದರೆ "ಹಸಿರು" ಅಂತಾರೆ!

ಪಕ್ಕದಲ್ಲಿದ್ದವರು ಸುಮ್ಮನಿರುತ್ತಾರೆಯೇ? ಒಬ್ಬರು ಮಲ್ಲಿಗೆ ಅಂತಾರೆ, ಇನ್ನೊಬ್ಬರು ನಂದಿಬಟ್ಟಲು, ಮತ್ತೊಬ್ಬರು ಬಿಳಿ ಕಣಗಿಲೆ. ಎಲ್ಲರ ಕಣ್ಣೂ ಹೂವಿನ ಮೇಲೇ. ಒಂದು ಎಲೆ ಚಿವುಟಿ ಸ್ವಾಮಿ! ತೊಟ್ಟಿನಿಂದ ಹಾಲು ಜಿನುಗಿತೋ, ಮಲ್ಲಿಗೆಯವರು ಮನೆಗೆ ಹೋಗಬಹುದು. ನಾಲ್ಕೇ ಎಸಳಿದ್ದು ಹಾಲೂ ಬರದಿದ್ದರೆ ಅದು ಬಿಳಿ ಕೇಪಳವಿದ್ದೀತು. ಅತ್ತೆಯವರು ಎಸಳು ಎಣಿಸಿದ್ದರೋ ಇಲ್ಲವೋ ಯಾರಿಗೆ ಗೊತ್ತು.

ಉಳಿದಿಬ್ಬರ ಜಗಳಕ್ಕೆ ಗೆಣ್ಣು ನೋಡಬೇಕು. ಒಂದೇ ಗೆಣ್ಣಿನಲ್ಲಿ ಮೂರು ಎಲೆ, ಒಂದೊಂದೂ ಉದ್ದ, ಸಪೂರ, ಗಡಸು: ಕಣಗಿಲೆ. ಎರಡೇ ಎಲೆ, ಎದುರುಬದುರು, ಅಗಲ, ಎಣ್ಣೆ ಸವರಿದಂಥ ಹೊಳಪು: ನಂದಿಬಟ್ಟಲು. ಹೂವೇ ಬೇಕು ಅಂತ ಹಟ ಹಿಡಿದರೆ ಅದರ ಗಂಟಲೊಳಗೆ ಇಣುಕಿ. ಕಣಗಿಲೆಗೆ ಅಲ್ಲಿ ಸೀಳು ಸೀಳಾದ ಪುಟ್ಟ ಜಾಲರಿ ಇರುತ್ತೆ, ನಂದಿಬಟ್ಟಲಿಗೆ ಇಲ್ಲ. ಹಾಗಂತ ಸುತ್ತು ನಂದಿಬಟ್ಟಲು ಸಿಕ್ಕರೆ ಈ ಇಣುಕಾಟ ನಡೆಯೋದಿಲ್ಲ. ಎಸಳಿನೊಳಗೆ ಎಸಳು ತುರುಕಿಕೊಂಡು ಗಂಟಲೇ ಮುಚ್ಚಿಹೋಗಿರುತ್ತೆ. ಗೆಣ್ಣು ಮಾತ್ರ ಆಗಲೂ ಸುಳ್ಳಾಡದು.

ಬೀಗಬೇಡಿ, ಲಿನ್ನೇಯಸ್ ಮಹಾಶಯನೇ 1753ರಲ್ಲಿ ನಂದಿಬಟ್ಟಲನ್ನು ಕಣಗಿಲೆಯ ಕುಲಕ್ಕೆ ಸೇರಿಸಿಬಿಟ್ಟಿದ್ದ. ಆಮೇಲೆ ಬಂದವರು ಬೇರೆ ಮಾಡಬೇಕಾಯ್ತು. ಅಷ್ಟು ದೊಡ್ಡವನ ಪಾಡೇ ಹೀಗಾದರೆ ವಾಕಿಂಗ್ ಬಳಗದ್ದೇನು ಬಿಡಿ.

ಆದರೆ ಒಂದು: ಕಣಗಿಲೆ ಬೇರಿನಿಂದ ಹೂವಿನ ತನಕ ವಿಷ. ಚಿವುಟಿದ ಕೈಯನ್ನು ಕಣ್ಣಿಗೆ, ಬಾಯಿಗೆ ಮುಟ್ಟಿಸದೆ ತೊಳೆದುಕೊಳ್ಳಿ. ಮತ್ತೆ, ಚಿವುಟುವ ಮೊದಲು ಕಾಂಪೌಂಡಿನ ಯಜಮಾನರು ಎದ್ದಿದ್ದಾರೋ ನೋಡಿಕೊಳ್ಳಿ. ಪ್ಲಾಸ್ಟಿಕ್ ಕವರ್ ಹಿಡಿದು ಬೆಳಗಾಗುವ ಮುಂಚೆ ಪೂಜೆಗೆ ಹೂ ಎತ್ತುವವರ ಮೇಲೆ ಅವರು ಮೊದಲೇ ಕಾದಿರುತ್ತಾರೆ. "ಗೆಣ್ಣು ನೋಡ್ತಿದ್ದೆ ಸಾರ್" ಅಂದರೆ ಯಾರೂ ನಂಬೋದಿಲ್ಲ.