ಲುಮೆನ್ ರಾಯರು

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ಕಡೆ ಈಗ ಪೇಟೆಗೊಬ್ಬರಾದರೂ ಲುಮೆನ್ ರಾಯರು ಇದ್ದೇ ಇದ್ದಾರೆ. ರಾಯರು ಎಂಬುದು ಇಲ್ಲಿ ಜಾತಿಯಲ್ಲ, ಪದವಿ. ಬ್ಯಾಂಕಿನಿಂದ ನಿವೃತ್ತರಾದವರಿಗೂ ಅದು ಸಿಗುತ್ತದೆ, ಬೆಂಗಳೂರಿನ ಹೋಟೆಲನ್ನು ಮಗನ ಕೈಗೆ ಕೊಟ್ಟು ಊರು ಸೇರಿದವರಿಗೂ ಸಿಗುತ್ತದೆ, ಮನೆಯಲ್ಲೇ ಕೂತು ಅಮೆರಿಕದ ಕಂಪನಿಗೆ ದುಡಿಯುವ ಹುಡುಗನಿಗೂ ಸಿಗುತ್ತದೆ. ಭಾನುವಾರ ಬೆಳಗಿನ ಜಾವ ಐದಕ್ಕೆ ಶಾಸ್ತ್ರಿ ಸರ್ಕಲ್ಲಿನ ಹತ್ತಿರ ಸೈಕಲ್ ಹಿಡಿದು ನಿಂತ ಇವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಹೆಲ್ಮೆಟ್ಟಿನ ಮೇಲೊಂದು ದೀಪ, ಹ್ಯಾಂಡಲಿಗೆ ಎರಡು, ಸೀಟಿನ ಕೆಳಗೆ ಮಿಣುಕುವ ಕೆಂಪು ದೀಪ, ಆ ಕೆಂಪು ದೀಪದ ಹೊಟ್ಟೆಯೊಳಗೆ ಹಿಂದಿನಿಂದ ಬರುವ ವಾಹನವನ್ನು ಪತ್ತೆಹಚ್ಚಿ ಬೀಪ್ ಎನ್ನುವ ರಾಡಾರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಿಂದಿನಿಂದ ವಾಹನ ಬಾರದ ಗಳಿಗೆ ಕಡಿಮೆಯಾದ್ದರಿಂದ ಆ ಯಂತ್ರ ಹೆಮ್ಮಾಡಿಯವರೆಗೂ ಬಾಯಿ ಮುಚ್ಚುವುದಿಲ್ಲ. ಎದೆಗೆ ನಾಡಿ ಅಳೆಯುವ ಪಟ್ಟಿ, ಮಣಿಕಟ್ಟಿಗೆ ವಾಚು, ಮೈಗೆ ಗಿಳಿಹಸಿರಿನ ಜರ್ಸಿ, ಕತ್ತಲಲ್ಲೂ ತೆಗೆಯದ ಬಣ್ಣದ ಕನ್ನಡಕ. ಹೋಗುವ ದೂರ ಮರವಂತೆಯ ತನಕ, ಹದಿನೆಂಟು ಕಿಲೋಮೀಟರಿನ ಆಸುಪಾಸು. ಅಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಾಯರ ಸೈಕಲ್, ಒಂದು ಫೋಟೋ. ಆಮೇಲೆ ಬನ್ಸ್, ಗೋಳಿಬಜೆ, ಚಾ.

ಬಡಗುತಿಟ್ಟು ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಕ್ಕೆ ಹಿಡಿಯುವ ಹೊತ್ತು ರಂಗಸ್ಥಳದಲ್ಲಿ ಆ ವೇಷ ಇರುವ ಹೊತ್ತಿಗಿಂತ ಎಷ್ಟೋ ಸಲ ಹೆಚ್ಚು; ರಾಯರದೂ ಅದೇ ಲೆಕ್ಕ. ಆದರೆ ಇಷ್ಟಕ್ಕೇ ಅವರನ್ನು ನೋಡಿ ನಗುವುದು ನ್ಯಾಯವಲ್ಲ. ಬೇರೆಯವರು ಚಾದರ ಎಳೆದುಕೊಳ್ಳುವ ಹೊತ್ತಿಗೆ ಎದ್ದು ಹೊರಟ ಮನುಷ್ಯ ಚಂದ ಮಾಡಿಕೊಂಡು ಹೊರಟರೆ ಊರಿಗೆ ಏನೂ ನಷ್ಟವಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿರುತ್ತದೆ, ಹೊಟ್ಟೆ ಕರಗಿರುತ್ತದೆ, ಮನೆಯವರಿಗೆ ಭಾನುವಾರದ ಬೆಳಗು ನೆಮ್ಮದಿಯದಾಗಿರುತ್ತದೆ. ನನ್ನ ತಕರಾರು ಅವರ ವೇಷದ ಮೇಲಲ್ಲ, ಅವರ ಅಳತೆಗೋಲಿನ ಮೇಲೆ. ರಾಯರು ಬೆಳಕನ್ನು ಲುಮೆನ್ನಿನಲ್ಲಿ ಮಾತ್ರ ಅಳೆಯುತ್ತಾರೆ, ಮತ್ತು ಸಂಖ್ಯೆ ದೊಡ್ಡದಾದಷ್ಟೂ ತಾವು ಕ್ಷೇಮ ಎಂದು ನಂಬುತ್ತಾರೆ. ಹೋದ ವರ್ಷ 800, ಈ ವರ್ಷ 1600. ಮುಂದಿನ ವರ್ಷ ಯಾವುದು ಬರುತ್ತದೆಂಬುದೂ ಅವರಿಗೆ ತಿಳಿದಿದೆ. ಪಕ್ಕದಲ್ಲಿ ಕೂತು ಚಾ ಕುಡಿದ ಪಾಪದವರಿಗೂ ಅಷ್ಟೊತ್ತಿಗೆ ತಿಳಿದಿರುತ್ತದೆ. ಇಲ್ಲಿ ಬರುವ ಅಂಕಿಗಳು ನನಗೆ ಹೇಗೆ ಬಾಯಿಪಾಠವಾದವೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಲುಮೆನ್ ಎಂದರೆ ದೀಪದಿಂದ ಎಲ್ಲ ದಿಕ್ಕಿಗೂ ಹೊರಡುವ ಒಟ್ಟು ಬೆಳಕು. ಅದು ರಸ್ತೆಯ ಮೇಲೆ ಬಿತ್ತೋ, ತೆಂಗಿನ ಮರದ ತುದಿಗೆ ಬಿತ್ತೋ, ಎದುರಿನವರ ಕಣ್ಣಿಗೆ ಬಿತ್ತೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ನಮ್ಮ ಕಾರುಗಳಲ್ಲಿ ದಶಕಗಳ ಕಾಲ ಉರಿದ ಎಚ್4 ಹ್ಯಾಲೊಜೆನ್ ಬಲ್ಬಿನ ಡಿಮ್ ಸುಮಾರು 1000 ಲುಮೆನ್, ಬ್ರೈಟ್ ಸುಮಾರು 1650. ಅಂದರೆ ರಾಯರ ಹ್ಯಾಂಡಲಿನ ಮೇಲೆ ಕೂತಿರುವುದು ಕಾರಿನ ಬ್ರೈಟ್ ಲೈಟು. ಕಾರಿಗಾದರೆ ಡಿಮ್ ಇದೆ, ಎದುರಿನವರ ಕಣ್ಣಿಗೆ ತಾಗದಂತೆ ಕಿರಣದ ಮೇಲಂಚನ್ನು ಕತ್ತರಿಸುವ ವ್ಯವಸ್ಥೆ ಇದೆ. ರಾಯರ ದೀಪದ ಬೆಳಕು ಗುಂಡಗೆ ಹರಡಿ, ಅರ್ಧ ರಸ್ತೆಗೆ, ಅರ್ಧ ಆಕಾಶಕ್ಕೆ ಹೋಗುತ್ತದೆ. ಜರ್ಮನಿಯಲ್ಲಿ ಸೈಕಲ್ ದೀಪಕ್ಕೂ ಮೇಲಂಚು ಕತ್ತರಿಸಿರಬೇಕೆಂಬ ಕಾನೂನಿದೆ, ಸೈಕಲ್ಲಿನ ಮೇಲೆ ಮಿಣುಕುವ ದೀಪಕ್ಕೆ ಅನುಮತಿಯೇ ಇಲ್ಲ. ಇನ್ನು ಅವಶ್ಯಕತೆಯ ಲೆಕ್ಕ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಹೊಂಡ ಕಂಡು, ಅದು ಹೊಂಡವೆಂದು ಮನಸ್ಸಿಗೆ ಹೊಳೆದು, ಬ್ರೇಕು ಹಿಡಿದು ನಿಲ್ಲುವಷ್ಟರಲ್ಲಿ ಹನ್ನೆರಡು ಹದಿಮೂರು ಮೀಟರ್. ಇಪ್ಪತ್ತೈದು ಮೀಟರ್ ದೂರ ಚೆನ್ನಾಗಿ ಕಂಡರೆ ಬೇಕಾದಷ್ಟಾಯಿತು. ರಾಯರ ದೀಪದ ಡಬ್ಬಿಯ ಮೇಲೆ 200 ಮೀಟರ್ ಎಂದು ಬರೆದಿರುತ್ತದೆ. ಅದರ ತುದಿಯಲ್ಲಿ ಕಂಡ ಹೊಂಡವನ್ನು ತಲುಪಲು ರಾಯರಿಗೆ ಮೂವತ್ತಾರು ಸೆಕೆಂಡು ಬೇಕು. ಆ ಹೊತ್ತಿಗೆ ಅದು ಕಂಡಿತ್ತೆಂಬುದೇ ಮರೆತು ಅದರೊಳಗೆ ಇಳಿದಿರುತ್ತಾರೆ.

ಈ ಬೆಳಕಿನ ಪೂರ್ಣ ಪ್ರಭಾವ ತಿಳಿಯಬೇಕಾದರೆ ಎದುರಿನಿಂದ ಬರಬೇಕು. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗೆ ಅರ್ಧ ಗಂಟೆಯ ಹತ್ತಿರ ಬೇಕು, ಹೊಂದಿಕೊಂಡದ್ದು ಕಳೆಯಲು ಒಂದು ಕ್ಷಣ ಸಾಕು. ವಯಸ್ಸಾದವರಿಗೆ ಆ ಹೊಡೆತದಿಂದ ಸುಧಾರಿಸಿಕೊಳ್ಳಲು ಇನ್ನಷ್ಟು ಹೊತ್ತು. ಬೆಳಗಿನ ಐದೂವರೆಗೆ ತ್ರಾಸಿ, ಕೋಟ, ಸಾಸ್ತಾನದ ರಸ್ತೆಯಂಚಿನಲ್ಲಿ ಯಾರಿರುತ್ತಾರೆ? ಡೈರಿಗೆ ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕೊಂಡೊಯ್ಯುವ ಅಜ್ಜ, ಗಂಗೊಳ್ಳಿಯ ಮೀನಿಗೆ ಹೊರಟ ಹೆಂಗಸರು, ಮೊದಲ ಬಸ್ಸಿಗೆ ಕಾಯುವ ಗೇರುಬೀಜ ಫ್ಯಾಕ್ಟರಿಯ ಹುಡುಗಿಯರು. ಡಿವೈಡರ್ ದಾಟುವ ಜಾಗ ದೂರವಿರುವಲ್ಲಿ ಅಜ್ಜ ವಿರುದ್ಧ ದಿಕ್ಕಿನಿಂದಲೇ ಬರುತ್ತಾರೆ, ಅದು ತಪ್ಪೇ. ಆದರೆ ರಾಯರ ಬೆಳಕು ಬಡಿದು ಹತ್ತು ಹೆಜ್ಜೆ ಅವರಿಗೆ ರಸ್ತೆಯೂ ಕಾಣದು, ಚರಂಡಿಯೂ ಕಾಣದು. "ಹ್ವಾಯ್, ಬೆಳ್ಕ್ ಕೆಳ್ಗ್ ಮಾಡಿ ಮರ್ರೆ, ಕಣ್ಣೇ ಕಾಂತಿಲ್ಲೆ" ಎಂಬ ಕೂಗಿಗೆ ರಾಯರು ಕೈಯೆತ್ತಿ ಗುಡ್ ಮಾರ್ನಿಂಗ್ ಹೇಳಿ ಮುಂದೆ ಹೋಗುತ್ತಾರೆ. ಕಿವಿಯಲ್ಲಿ ಬ್ಲೂಟೂತ್ ಇದೆ. ಕೆಡುಕು ಮಾಡುವ ಸ್ವಭಾವ ಇವರದಲ್ಲ, ಅಜ್ಜ ತಮ್ಮನ್ನು ಹೊಗಳಿದರೆಂದೇ ಅವರ ನಂಬಿಕೆ. ಸಿಟ್ಟು ಬಾರದಿರಲು ಸಾಧ್ಯವಿಲ್ಲ, ಬಂದ ಸಿಟ್ಟನ್ನು ಉಳಿಸಿಕೊಳ್ಳುವುದೂ ಸಾಧ್ಯವಿಲ್ಲ. ಮರವಂತೆಯಲ್ಲಿ ಯಾರದೋ ಸೈಕಲ್ಲಿನ ಚೈನು ತುಂಡಾದರೆ ತಮ್ಮ ಬಿಳಿ ಕೈಗವಸು ಕರಿ ಮಾಡಿಕೊಂಡು ಕೂಡಿಸಿ ಕೊಡುವವರು ಇದೇ ರಾಯರು.

ಇದಕ್ಕೆ ಸಿಗುವ ಉತ್ತರ ಗೊತ್ತಿರುವುದೇ: ಹೆದ್ದಾರಿಯಲ್ಲಿ ಲಾರಿಗಳು ಹೋಗುವ ಓಟ ನೋಡಿದ್ದೀರಾ, ಜೀವಕ್ಕಿಂತ ಹೆಚ್ಚೇ, ಕಡಿಮೆ ಬೆಳಕಿಗಿಂತ ಹೆಚ್ಚು ಬೆಳಕು ಒಳ್ಳೆಯದಲ್ಲವೇ. ಭಯ ನಿಜವಾದದ್ದು, ಔಷಧ ಮಾತ್ರ ತಪ್ಪು. ಡೆನ್ಮಾರ್ಕಿನ ಓಡೆನ್ಸ್ ಪಟ್ಟಣದಲ್ಲಿ 2004-05ರಲ್ಲಿ ಸುಮಾರು 4000 ಸೈಕಲ್ ಸವಾರರನ್ನು ಎರಡು ಪಾಲು ಮಾಡಿ ಒಂದು ವರ್ಷ ಲೆಕ್ಕವಿಟ್ಟರು. ಒಂದು ಪಾಲಿನವರ ಸೈಕಲ್ಲಿಗೆ ಸಣ್ಣ ದೀಪ ಕಟ್ಟಿದರು: ಚಕ್ರದ ಕಡ್ಡಿಗೆ ಆಯಸ್ಕಾಂತ, ಚಾಸಿಗೆ ಸುರುಳಿ, ಬ್ಯಾಟರಿ ಇಲ್ಲ, ಸ್ವಿಚ್ಚಿಲ್ಲ, ಚಕ್ರ ತಿರುಗಿದರೆ ಹಗಲೂ ರಾತ್ರಿಯೂ ಉರಿಯುತ್ತದೆ. ಆ ಪಾಲಿನವರಲ್ಲಿ ಗಾಯವಾಗುವಂಥ ಅಪಘಾತಗಳು ಶೇ. 19ರಷ್ಟು ಕಡಿಮೆಯಾದವು. ಕೆಲಸ ಮಾಡಿದ್ದು ದೀಪದ ದೊಡ್ಡಸ್ತಿಕೆಯಲ್ಲ, ಅದು ಯಾವಾಗಲೂ ಸೈಕಲ್ಲಿನಲ್ಲೇ ಇದ್ದು ಉರಿಯುತ್ತಿದ್ದದ್ದು. ರಾಯರ 1600 ಲುಮೆನ್ನಿನ ದೀಪ ವಾರದಲ್ಲಿ ಆರು ದಿನ ಚಾರ್ಜಿನಲ್ಲಿರುತ್ತದೆ, ಸಂಜೆ ಹಾಲು ತರಲು ಅಂಗಡಿಗೆ ಹೋಗುವಾಗ ಸೈಕಲ್ಲಿನಲ್ಲಿ ಒಂದು ಮಿಣುಕೂ ಇರುವುದಿಲ್ಲ. ಜರ್ಸಿಯ ಕಥೆಯೂ ಇದೇ. ಗಿಳಿಹಸಿರು ಹಗಲಿಗೆ ಒಳ್ಳೆಯದು; ಹಗಲಿನಲ್ಲಿ ನಮ್ಮ ಕಣ್ಣು ಅತಿ ಸೂಕ್ಷ್ಮವಾಗಿರುವುದು ಹಳದಿ ಬೆರೆತ ಹಸಿರಿಗೆ. ಆದರೆ ಆ ಬಟ್ಟೆ ಮಿಂಚುವುದು ಬಿಸಿಲಿನ ನೇರಳಾತೀತ ಕಿರಣದಿಂದ, ಬೆಳಗಿನ ಐದಕ್ಕೆ ಅದೂ ಒಂದು ಸಾದಾ ಅಂಗಿ. ಕತ್ತಲಿಗೆ ಬೇಕಾದ್ದು ವಾಹನದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಪಟ್ಟಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ಚಾಲಕರನ್ನು ರಾತ್ರಿ ರಸ್ತೆಗಿಳಿಸಿ ಪರೀಕ್ಷಿಸಿದಾಗ, ಬರೇ ಜಾಕೀಟಿಗಿಂತ ಮೊಣಕಾಲಿಗೂ ಕಾಲಗಂಟಿಗೂ ಪಟ್ಟಿ ಕಟ್ಟಿದ ಸವಾರ ಬೇಗ ಕಣ್ಣಿಗೆ ಬಿದ್ದ. ಮೇಲೆ ಕೆಳಗೆ ಆಡುವ ಎರಡು ಗೆರೆ ಕಂಡರೆ ಅಲ್ಲೊಬ್ಬ ಮನುಷ್ಯ ಪೆಡಲ್ ತುಳಿಯುತ್ತಿದ್ದಾನೆಂದು ಚಾಲಕನ ತಲೆಗೆ ಥಟ್ಟನೆ ಹೋಗುತ್ತದೆ. ಸವಾರರು ತಾವು ಕಾಣುತ್ತೇವೆಂದುಕೊಂಡಷ್ಟು ಕಾಣುವುದಿಲ್ಲ ಎಂಬುದೂ ಅಲ್ಲಿಯೇ ತಿಳಿಯಿತು. ರಾಯರ ಇಡೀ ಉಡುಪಿನಲ್ಲಿ ಅತಿ ಅಗ್ಗದ, ಅತಿ ಉಪಯೋಗದ ವಸ್ತು ಆ ಕಾಲಪಟ್ಟಿ. ಫೋಟೋದಲ್ಲಿ ಅದು ಬರುವುದಿಲ್ಲವೆಂದು ಎಷ್ಟೋ ಸಲ ಮನೆಯಲ್ಲೇ ಉಳಿಯುತ್ತದೆ.

ಮಳೆಗಾಲದಲ್ಲಿ ರಾಯರ ಬಾಯಲ್ಲಿ ಐಪಿಎಕ್ಸ್7. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ಕೆಡುವಷ್ಟು ನೀರು ಹೋಗಬಾರದೆಂಬ ಪರೀಕ್ಷೆ ಅದು, ಅದೂ ಸಿಹಿನೀರಿನಲ್ಲಿ. ನಮ್ಮ ಕಡೆ ಮಳೆ ಅರ್ಧ ಗಂಟೆಗೆ ನಿಲ್ಲುವುದಿಲ್ಲ. ಜೂನಿನಲ್ಲಿ ಹಿಡಿದದ್ದು ಸೆಪ್ಟೆಂಬರಿಗೆ ಬಿಡುತ್ತದೆ. ಮೇಲೆ ಕಡಲ ಉಪ್ಪುಗಾಳಿ. ಚಾರ್ಜಿನ ಪಿನ್ನು ಹಸಿರು ಹಿಡಿದು ದೀಪ ಸತ್ತ ಮೇಲೆ ಅದರ ಐಪಿ ಸಂಖ್ಯೆಯನ್ನು ಶ್ರಾದ್ಧದ ದಿನ ನೆನೆಯಬಹುದು ಅಷ್ಟೆ. ಇದೇ ಊರಿನಲ್ಲಿ ಮೈಮೇಲೆ ತೊಡುವ ಮಳೆಯ ಸಾಮಾನು ಮೊದಲೇ ಇತ್ತು. ನಾಟಿಯ ಹೆಂಗಸರಿಗೆ ಬಿದಿರು ಕಡ್ಡಿ, ಎಲೆ ಹೆಣೆದ ಗೊರಬು, ಗಂಡಸರಿಗೆ ಕಂಬಳಿಕೊಪ್ಪೆ, ತಲೆಗೆ ಹಾಳೆಟೊಪ್ಪಿ. ಬಗ್ಗಿ ನೇಜಿ ನೆಡುವವರ ಬೆನ್ನು ಯಾವ ಕೋನದಲ್ಲಿರುತ್ತದೋ ಅದೇ ಕೋನಕ್ಕೆ ಗೊರಬಿನ ಆಕಾರ, ಎರಡೂ ಕೈ ಖಾಲಿ. ಹಳೆಯದೆಲ್ಲ ಚಿನ್ನ ಎನ್ನುತ್ತಿಲ್ಲ. ಪ್ಲಾಸ್ಟಿಕ್ ಸಿಕ್ಕ ಕೂಡಲೇ ಗೊರಬನ್ನು ಅಟ್ಟಕ್ಕೆಸೆದವರು ಅದನ್ನು ಹೊತ್ತವರೇ. ಆದರೆ ಅದನ್ನು ಹೆಣೆದವರು ಗದ್ದೆ, ಮಳೆ, ಬೆನ್ನು ಮೂರನ್ನೂ ನೋಡಿ ಹೆಣೆದಿದ್ದರು. ರಾಯರು ಡಬ್ಬಿ ನೋಡಿ ಕೊಳ್ಳುತ್ತಾರೆ.

ಅವರ ದುಡ್ಡು, ಅವರ ಖುಷಿ, ನಿಮಗೇನು ಎಂಬ ಆಕ್ಷೇಪವೂ ಉಂಟು. ಬೆಳಕು ಕೊಂಡವರ ಅಂಗಳದಲ್ಲೇ ನಿಲ್ಲುವ ವಸ್ತುವಾಗಿದ್ದರೆ ಒಪ್ಪಬಹುದಿತ್ತು. ಹೆಚ್ಚು ಬೆಳಕು ಹೆಚ್ಚು ಒಳ್ಳೆಯದೆಂಬ ವಾದವನ್ನು ಈ ಕರಾವಳಿ ಸಮುದ್ರದಲ್ಲಿ ಕಂಡಿದೆ. ದೋಣಿಯಲ್ಲಿ ಜನರೇಟರ್ ಇಟ್ಟು ಎಲ್‌ಇಡಿ ಬೆಳಕಿಗೆ ಮೀನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು, ಏಕೆಂದರೆ ಮರಿ ಮೀನೂ ಬೆಳಕಿಗೆ ಬರುತ್ತದೆ, ನಾಡದೋಣಿಯವರಿಗೆ ಏನೂ ಉಳಿಯುವುದಿಲ್ಲ. ಕೋಡಿ, ಮರವಂತೆಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಕಡಲಿನ ಕಡೆಯ ಮಂದ ಬೆಳಕನ್ನು ನಂಬಿ ಹೊರಡುತ್ತವೆ, ದಡದಲ್ಲಿ ಯಾರಾದರೂ ಹೆಡ್‌ಲ್ಯಾಂಪ್ ಹಾಕಿಕೊಂಡು ಓಡಾಡಿದರೆ ತಿರುಗಿ ರಸ್ತೆಯ ಕಡೆ ಬರುತ್ತವೆ. ರಾಯರ ಹೆಡ್‌ಲ್ಯಾಂಪ್ ಕೊಡಚಾದ್ರಿಗೂ ಹೋಗುತ್ತದೆ. 1343 ಮೀಟರಿನ ಬೆಟ್ಟಕ್ಕೆ ಕೋಲು, ನೀರಿನ ಚೀಲ, ಬೂಟು ಎಲ್ಲ ಕಟ್ಟಿಕೊಂಡು ಕೊಲ್ಲೂರಿನಿಂದ ಜೀಪಿನಲ್ಲಿ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಬಾಳೆಬರೆ ಘಾಟಿಯನ್ನು ಕತ್ತಲಲ್ಲಿ ಇಳಿಯುವವರಿಗೆ, 20 ಗಂಟೆಯೊಳಗೆ 300 ಕಿಲೋಮೀಟರ್, 40 ಗಂಟೆಯೊಳಗೆ 600 ಕಿಲೋಮೀಟರ್ ಮುಗಿಸಬೇಕಾದ ಬ್ರೆವೆ ಸವಾರರಿಗೆ ಒಳ್ಳೆಯ ದೀಪ ಶೋಕಿಯಲ್ಲ. ಅಲ್ಲಿ ರಾತ್ರಿಗೆ ಮುಂದೀಪ, ಹಿಂದೀಪ, ಹೊಳೆಯುವ ಜಾಕೀಟು ಇಲ್ಲದಿದ್ದರೆ ಬಿಡುವುದೇ ಇಲ್ಲ. ತಮಾಷೆಯೆಂದರೆ ಅಷ್ಟು ದೂರ ತುಳಿಯುವವರಲ್ಲಿ ಹಲವರು ತಿರುಗಿ ಡೈನಮೊಗೆ ಬಂದಿದ್ದಾರೆ. ಅಜ್ಜಂದಿರ ಸೈಕಲ್ಲಿನ ಟಯರಿಗೆ ಉಜ್ಜಿ ಗುರ್ರೆನ್ನುತ್ತಿದ್ದ ಡೈನಮೊ ಈಗ ಚಕ್ರದ ಹಬ್ಬಿನೊಳಗೆ ಸದ್ದಿಲ್ಲದೆ ಕೂತಿದೆ. ಅದೇ 6 ವೋಲ್ಟ್, ಅದೇ 3 ವಾಟ್. ಅಷ್ಟರಲ್ಲೇ ರಾತ್ರಿಯಿಡೀ ಹೋಗುತ್ತಾರೆ, ಬೆಳಕು ರಸ್ತೆಯ ಮೇಲೆ ಬೀಳುವಂತೆ ದೀಪ ಬಗ್ಗಿಸಿಟ್ಟುಕೊಂಡು.

ರಾಯರಿಗೂ ಇದೆಲ್ಲ ಗೊತ್ತು, ಅದೇ ಬೇಸರದ ಸಂಗತಿ. ಬೆಳಕು ಬಿದ್ದ ಜಾಗದಲ್ಲಿ ಅಳೆಯುವ ಲಕ್ಸ್ ಬೇರೆ, ಲುಮೆನ್ ಬೇರೆ ಎಂದು ಊರಿನಲ್ಲಿ ಬಿಡಿಸಿ ಹೇಳಬಲ್ಲವರು ಅವರೊಬ್ಬರೇ. ಬೆಳಕು ನಿಜವಾಗಿ ಬೇಕಾದ ಅಜ್ಜನ ಸೈಕಲ್ಲಿಗೆ ಇರುವುದು ಮಣ್ಣು ಮೆತ್ತಿದ ಒಂದು ರಿಫ್ಲೆಕ್ಟರ್. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಹಂಚಿದ ಸೈಕಲ್ಲುಗಳಲ್ಲಿ ಕೆಲವು ಇನ್ನೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ, ಕಲಿತ ಮಕ್ಕಳು ಬೆಂಗಳೂರು ಸೇರಿದ ಮೇಲೆ ಅವುಗಳನ್ನು ತುಳಿಯುತ್ತಿರುವುದು ಅಪ್ಪ. ಸಂಜೆ ಏಳಕ್ಕೆ ಕೆಲಸ ಬಿಟ್ಟು ಹೆದ್ದಾರಿಯಂಚಿನಲ್ಲಿ ಕಪ್ಪು ಅಂಗಿ ತೊಟ್ಟು ನಡೆಯುವ ಹೊರರಾಜ್ಯದ ಕೂಲಿಯವರ ಬಳಿ ಇರುವುದು ಮೊಬೈಲಿನ ಲೈಟು, ಅದೂ ಚಾರ್ಜು ಉಳಿದಿದ್ದರೆ. ಹೋಟೆಲಿನ ಮೇಜಿನ ಮೇಲೆ ಬನ್ಸಿನ ಪಕ್ಕ ದೀಪವಿಟ್ಟು ಗಂಟೆಗಟ್ಟಲೆ ವಿವರಿಸುವ ರಾಯರ ವಿದ್ಯೆ ಇವರ ಹತ್ತಿರಕ್ಕೆ ಒಮ್ಮೆಯೂ ಬಗ್ಗಿಲ್ಲ.

ರಾಯರ ಮೇಜಿನ ಡ್ರಾವರಿನಲ್ಲಿ ಹೊಸದು ಬಂದ ಮೇಲೆ ಹಳತಾದ ಹಿಂದೀಪಗಳು ನಾಲ್ಕೈದಾದರೂ ಇರುತ್ತವೆ, ಎಲ್ಲವೂ ಉರಿಯುವಂಥವೇ. ಜಿಪುಣರಲ್ಲ, ಕೇಳಿದರೆ ಕೊಡುತ್ತಾರೆ. ನಿಮ್ಮ ಮನೆಗೆ ಹಾಲು ತರುವವರ ಸೈಕಲ್ಲಿಗೆ ಒಂದು ಬೇಕೆಂದು ಈ ಭಾನುವಾರ ಕೇಳಿ ನೋಡಿ. ದೀಪದ ಜೊತೆಗೆ ಒಂದು ಗಂಟೆಯ ಉಪನ್ಯಾಸವೂ ಬರುತ್ತದೆ, ಅದನ್ನು ಕೂತು ಕೇಳಿಸಿಕೊಳ್ಳಿ.